ತಮ್ಮನ ಮನೆಯ ಊಟ

"ಗುರುಗಳೇ, ಮೇಲಿನೂರು, ಕೆಳಗಿನೂರು ಎರಡರ ನಡುವಿನ ಜಗಳಗಳನ್ನೆಲ್ಲ ನಾನೇ ಬಗೆಹರಿಸುತ್ತ ಬಂದೆ. ಈಗ ಮೇಲಿನೂರಿನವರು ತಮ್ಮ ಮುಖಂಡನಾಗು ಎಂದು ಕರೆಯುತ್ತಿದ್ದಾರೆ. ಇನ್ನೂ ಹೆಚ್ಚು ಒಳ್ಳೆಯದು ಮಾಡಬಹುದು. ಹೋಗಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನ್ಯಾಯಾಧೀಶನಿದ್ದ. ಇಪ್ಪತ್ತು ವರ್ಷ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿಯಲಿಲ್ಲ. ಇಂದು ಉಣಬಡಿಸಿದವನೇ ನಾಳೆ ಕಟಕಟೆಯಲ್ಲಿ ನಿಂತರೆ ಏನು ಗತಿ? ಊರಿಗೆ ಊರೇ ಮದುವೆಯ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಅವನು ಮನೆಯಲ್ಲಿ ಒಬ್ಬನೇ ಮೊಸರನ್ನ ಕಲೆಸಿಕೊಳ್ಳುತ್ತಿದ್ದ. ಒಂದು ದಿನವಾದರೂ ಆ ಪಂಕ್ತಿಯಲ್ಲಿ ಕೂರಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಪಾಪ, ಅವನೂ ಮನುಷ್ಯನೇ.

ಕೊನೆಗೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತ. ಮನೆಮನೆಗೂ ಹೋದ, ಕರೆದಲ್ಲೆಲ್ಲ ಉಂಡ.

ಒಂದು ಹಳ್ಳಿಯಲ್ಲಿ ಅಣ್ಣ ತಮ್ಮಂದಿರಿದ್ದರು. ಅವರ ಹೊಲದ ವ್ಯಾಜ್ಯಕ್ಕೆ ಹಿಂದೆ ಇವನೇ ತೀರ್ಪು ಕೊಟ್ಟಿದ್ದ. ಅಣ್ಣ ಸೋತಿದ್ದ. ಆದರೂ, "ನನ್ನ ಮಾತನ್ನು ಕೊನೆಯವರೆಗೆ ಕೇಳಿದರು, ತಪ್ಪು ನನ್ನದೇ ಇರಬೇಕು" ಎಂದು ಕೈಮುಗಿದು ಹೊರಟಿದ್ದ. ತಮ್ಮನೊಡನೆ ಮಾತೂ ಬಿಟ್ಟಿರಲಿಲ್ಲ.

ತಮ್ಮ ಈಗ ಇವನದೇ ಪಕ್ಷದವನು. ಪ್ರಚಾರಕ್ಕೆ ಹೋದ ದಿನ ಊಟ ಅವನ ಮನೆಯ ಪಡಸಾಲೆಯಲ್ಲೇ ಆಯಿತು. ಪಂಕ್ತಿಯ ನಡುವೆ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ನ್ಯಾಯಾಧೀಶ ಮನಸಾರೆ ನಕ್ಕ. ಅಣ್ಣ ಬೀದಿಯಲ್ಲಿ ನಿಂತು ನೋಡುತ್ತಿದ್ದ. ಊಟ ಮುಗಿದ ಮೇಲೆ ಹತ್ತಿರ ಬಂದ.

"ಸ್ವಾಮಿ, ಬೇಜಾರು ಮಾಡ್ಕೋಬೇಡಿ. ಅವತ್ತೂ ನೀವು ಇವನ ಕಡೆಯೋರೇ ಆಗಿದ್ರಾ?"

"ಇಲ್ಲಪ್ಪ. ಅವತ್ತು ನಾನು ಯಾರ ಕಡೆಯವನೂ ಅಲ್ಲ."

ಅಣ್ಣ ನಂಬಲಿಲ್ಲ. ಮತ್ತೆ ತಮ್ಮನ ಹೊಸ್ತಿಲು ತುಳಿಯಲೂ ಇಲ್ಲ.

ನ್ಯಾಯಾಧೀಶ ಗೆದ್ದ. ಈಗ ದಿನವೂ ಪಂಕ್ತಿ, ದಿನವೂ ಜನ. ಆದರೆ ಕೈ ಎಲೆಯ ಮೇಲಿದ್ದರೂ ಕಣ್ಣು ಬೀದಿಯ ಕಡೆಗೇ ಹೋಗುತ್ತದೆ. ಸೋತಾಗಲೂ ತನ್ನನ್ನು ನಂಬಿ ಕೈಮುಗಿದಿದ್ದನಲ್ಲ, ಆ ಅಣ್ಣ ಇನ್ನೊಮ್ಮೆ ಹಾಗೆ ಕೈಮುಗಿದಾನೇ ಎಂದು ಅವನು ಇವತ್ತಿಗೂ ಕಾಯುತ್ತಿದ್ದಾನೆ.

ಶಿಷ್ಯ ತಡೆಯಲಾರದೆ, "ಆದರೆ ತೀರ್ಪು ಸರಿಯಾಗಿಯೇ ಇತ್ತಲ್ಲ, ಗುರುಗಳೇ?" ಎಂದ.

"ಸರಿಯಾಗಿಯೇ ಇತ್ತು" ಎಂದರು ಗುರುಗಳು. "ನೀನೂ ಹೋಗು, ಆದರೆ ನಿನ್ನ ಮಾತು ನಂಬಿ ಸೋಲೊಪ್ಪಿಕೊಂಡವರು ಕೆಳಗಿನೂರಿನಲ್ಲಿದ್ದಾರಲ್ಲ, ಮೊದಲು ಅವರ ಮನೆಗಳಿಗೆ ಹೋಗಿ, ಮೇಲಿನೂರಿನವರ ಮುಖಂಡನಾಗುತ್ತಿದ್ದೇನೆ ಎಂದು ಹೇಳಿ ಬಾ."