ನಲವತ್ತೊಂದು ಕರಡು ಪಾಠಗಳು

"ಗುರುಗಳೇ, ನನ್ನ ಅಣ್ಣನನ್ನು ನಾನು ಕ್ಷಮಿಸಿ ಆರು ವರ್ಷವಾಯಿತು. ಇಂದಿಗೂ ಅವನು ನನ್ನ ಕಡೆ ತಿರುಗಿ ನೋಡುವುದಿಲ್ಲ. ಅವನ ಮನಸ್ಸೇನು ಕಲ್ಲೇ?" ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೀಲಿ ಕೊಡುವ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಬಲ್ಲವನು ಆ ಸೀಮೆಯಲ್ಲಿ ಅವನೊಬ್ಬನೇ ಉಳಿದಿದ್ದ. ಕೈ ನಡುಗಲು ಶುರುವಾದಾಗ, ವಿದ್ಯೆ ತನ್ನೊಂದಿಗೇ ಹೋಗಬಾರದೆಂದು ಒಂದು ವೆಬ್‌ಸೈಟ್ ಮಾಡಿಸಿಕೊಂಡು ಪಾಠ ಬರೆಯತೊಡಗಿದ. ಬರೆದು ಮುಗಿದಾಗಲೆಲ್ಲ 'ಉಳಿಸು' ಎಂಬ ಗುಂಡಿ ಒತ್ತುತ್ತಿದ್ದ. ಪಕ್ಕದಲ್ಲಿದ್ದ 'ಪ್ರಕಟಿಸು' ಎಂಬುದನ್ನು ಪತ್ರಿಕೆಯವರಿಗೆ ಇಟ್ಟಿರಬೇಕೆಂದು ತಿಳಿದು ಅದರ ತಂಟೆಗೆ ಹೋಗಲಿಲ್ಲ. ಮುನ್ನೋಟ ತೆರೆದರೆ ಚಿತ್ರ ಸಮೇತ ಪಾಠ ಅಚ್ಚುಕಟ್ಟಾಗಿ ಕಾಣುತ್ತಿತ್ತು. ತನಗೆ ಕಂಡದ್ದು ಲೋಕಕ್ಕೂ ಕಂಡಿತೆಂದು ಅವನು ನಂಬಿದ.

ಮೂರು ವರ್ಷದಲ್ಲಿ ನಲವತ್ತೊಂದು ಪಾಠಗಳಾದವು. ಒಬ್ಬನೂ ಒಂದು ಮಾತು ಬರೆಯಲಿಲ್ಲ. ಮೊದಲ ವರ್ಷ, ಜನರಿಗೆ ಬಿಡುವಿಲ್ಲ ಎಂದುಕೊಂಡ. ಎರಡನೆಯ ವರ್ಷ, ತಿಳಿವಳಿಕೆಯಿಲ್ಲ ಎಂದುಕೊಂಡ. ಮೂರನೆಯ ವರ್ಷ, ಇಂಥವರಿಗೆ ಗಡಿಯಾರವೇ ದಂಡವೆಂದು ತೀರ್ಮಾನಿಸಿ ಎಲ್ಲ ಪಾಠಗಳನ್ನೂ ವೆಬ್‌ಸೈಟಿನ ಕಸದ ಬುಟ್ಟಿಗೆ ಹಾಕಿದ. ಆ ಬುಟ್ಟಿ ಮೂವತ್ತು ದಿನ ಕಾದು, ಆಮೇಲೆ ತಾನೇ ಖಾಲಿಯಾಗುವಂಥದು.

ಇಪ್ಪತ್ತಾರನೆಯ ದಿನ ಒಬ್ಬ ಶಿಕ್ಷಕಿ ಹಳೆಯ ಗಡಿಯಾರವೊಂದನ್ನು ತಂದಳು. ಈ ಕೆಲಸ ತಾನೂ ಕಲಿಯಬೇಕು, ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದು ಕೇಳಿದಳು. ಅವನು ಮೊದಲು ಜನರನ್ನು ಮನಸಾರೆ ಬೈದು, ಆಮೇಲೆ ತನ್ನ ಫೋನಿನಲ್ಲಿ ಬುಟ್ಟಿ ತೆರೆದು ತೋರಿಸಿದ. ಅವಳು ಪಾಠಗಳನ್ನೆಲ್ಲ ಬುಟ್ಟಿಯಿಂದ ಎತ್ತಿದಳು. ಅವು ಮೊದಲಿದ್ದ ಸ್ಥಿತಿಗೇ ಮರಳಿದವು. ಆಮೇಲೆ ಅವಳು ತನ್ನದೇ ಫೋನಿನಲ್ಲಿ ಹುಡುಕಿದಳು, ಒಂದೂ ಸಿಗಲಿಲ್ಲ.

"ಯಜಮಾನ್ರೇ, ಎಲ್ಲದರ ಪಕ್ಕದಲ್ಲೂ 'ಕರಡು' ಅಂತಿದೆ. ಇದು ನಿಮಗೊಬ್ಬರಿಗೇ ಕಾಣೋದು."

"ಹಾಗಾದ್ರೆ ಮೂರು ವರ್ಷ ನಾನು ಬೈದದ್ದು ಯಾರನ್ನಮ್ಮ?"

ಅವಳು ಅವನ ಫೋನನ್ನು ಅವನ ಕೈಗೇ ಕೊಟ್ಟು 'ಪ್ರಕಟಿಸು' ಎಂಬುದನ್ನು ತೋರಿಸಿದಳು. ಅವನು ಆ ಗುಂಡಿಯನ್ನು ನಲವತ್ತೊಂದು ಸಲ ಒತ್ತಿದ. ಎಂಟು ದಿನದ ಮೇಲೆ ಯಾವುದೋ ಊರಿನವನೊಬ್ಬ ಬರೆದ: ಮೂರನೆಯ ಪಾಠದ ಚಿತ್ರ ತಲೆಕೆಳಗಾಗಿದೆ, ಆದರೂ ನಮ್ಮ ಮನೆಯ ಗಡಿಯಾರ ಓಡುತ್ತಿದೆ. ತನ್ನ ತಪ್ಪು ಎತ್ತಿ ತೋರಿಸಿದ ಆ ಮಾತನ್ನು ರಿಪೇರಿಯವನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದ.

ಕತೆ ಮುಗಿಯಿತು. ಎಂಥ ಪೆದ್ದನಪ್ಪ ಎಂದು ಶಂಭುಲಿಂಗ ನಕ್ಕ.

ಅವನ ನಗು ಮುಗಿಯುವವರೆಗೆ ಕಾದು ಗುರುಗಳು ಕೇಳಿದರು: "ನಿನ್ನ ಕ್ಷಮೆ ನಿನ್ನ ಅಣ್ಣನ ಫೋನಿನಲ್ಲಿ ಕಾಣುತ್ತದೆಯೇ?"