ಕನ್ವರ್ಟರಿನ ತಾಳ್ಮೆ

ಹೊಸ ಪಿಕಪ್ ಗಾಡಿಯ ಹೊಟ್ಟೆಯಡಿ, ಎಂಜಿನ್ ಉಗುಳಿದ ಹೊಗೆಯನ್ನು ಶುದ್ಧಮಾಡುವ ಕನ್ವರ್ಟರ್ ಎಂಬ ಡಬ್ಬಿಯಿತ್ತು. ಒಂದು ದಿನ ಕಿಡಿ ಹೊತ್ತಿಸುವ ಪ್ಲಗ್ ಕೆಟ್ಟು, ಎಂಜಿನ್ ಉರಿಯದೆ ಉಳಿದ ಪೆಟ್ರೋಲನ್ನೇ ಉಗುಳತೊಡಗಿತು. ಕನ್ವರ್ಟರಿನ ಒಡಲು ಕೆಂಡವಾಯಿತು.

"ಅಣ್ಣಾ, ನಿನ್ನ ಪ್ಲಗ್ ನೋಡಿಕೋ," ಎಂದಿತು.

"ನುಂಗುವುದು ನಿನ್ನ ಕೆಲಸ," ಎಂದಿತು ಎಂಜಿನ್.

ಕನ್ವರ್ಟರಿನ ಪರವಾಗಿ ಡ್ಯಾಶ್‌ಬೋರ್ಡಿನ ಹಳದಿ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಅಂದು ಆಯುಧಪೂಜೆ. ಡ್ರೈವರ್ ಗುರುಶಾಂತ, "ಹೊಸ ಗಾಡಿಗೇನು ರೋಗ?" ಎಂದು ದೀಪದ ಮೇಲೆಯೇ ವಿಭೂತಿ ಬಳಿದು, ಕುಂಕುಮವಿಟ್ಟು ಕೈಮುಗಿದ.

ದೀಪಾವಳಿಗೆ ಮೊದಲೇ ಕನ್ವರ್ಟರ್ ಒಳಗೊಳಗೇ ಕರಗಿ ಉಸಿರುಗಟ್ಟಿತು. ಮೆಕ್ಯಾನಿಕ್ ಅದನ್ನು ಕಿತ್ತು, "ಕಳಪೆ ಮಾಲು" ಎಂದು ಎಸೆದು, ಹೊಸದನ್ನು ಕೂರಿಸಿದ. ಪ್ಲಗ್ಗನ್ನು ಮುಟ್ಟಲಿಲ್ಲ.

ಹೊಸ ಕನ್ವರ್ಟರ್ ಕೇಳಿತು: "ಅಣ್ಣಾ, ಮೊದಲಿದ್ದವನು ಏನಾಗಿ ಸತ್ತ?"

"ಅವನಿಗೆ ತಾಳ್ಮೆಯಿರಲಿಲ್ಲ," ಎಂದು ಎಂಜಿನ್ ಮತ್ತೆ ಉಗುಳಿತು.