ತೂಬಿನ ಆಚೆಯ ಬಾತು

ಶಿಷ್ಯ ಅಮರಯ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ಮೂರು ವರ್ಷ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಮಾಡಿದ್ದೇನೆ. ಆನ್‌ಲೈನ್ ಅಂಗಡಿಗಳಲ್ಲಿ ದಿನಾ ರಾಶಿ ರಾಶಿ ಹೊಸ ಆಟ ಬಂದು ಬೀಳುತ್ತವೆ. ನನ್ನದನ್ನು ಮೊದಲ ಪುಟಕ್ಕೆ ತರುವುದು ಹೇಗೆ? ಅದೊಂದು ದಾರಿ ಹೇಳಿ, ಸಾಕು."

ಗುರುಗಳು ಹೇಳಿದರು: "ದಾರಿ ಆಮೇಲೆ. ಮೊದಲು ಕತೆ ಕೇಳು."

ಒಬ್ಬಳು ಆಟ ಕಟ್ಟುವವಳಿದ್ದಳು. ಅವಳಿಗೆ ಕಂಪನಿ ಇರಲಿಲ್ಲ, ಜೊತೆಗಾರರೂ ಇರಲಿಲ್ಲ. ಚಿತ್ರ ಬರೆದವಳು ಅವಳೇ, ಸದ್ದು ಕೂಡಿಸಿದವಳೂ ಅವಳೇ. ಹೀಗೆ ಐದು ವರ್ಷ ದುಡಿದು ಒಂದು ಆಟ ಕಟ್ಟಿದಳು. ದಾರಿ ತಪ್ಪಿದ ಬಾತುಕೋಳಿಯೊಂದು ತನ್ನ ಕೆರೆಗೆ ಮರಳಿ ಹೋಗುವುದೇ ಆ ಆಟ. ಆಡುವವರು ಬಾತನ್ನು ನಡೆಸಬೇಕು, ಈಜಿಸಬೇಕು, ಮನಸ್ಸಾದಾಗ ಕೂಗಿಸಬಹುದು. ಇದು ಜನರನ್ನು ಮುಟ್ಟದಿದ್ದರೆ ಇನ್ನೊಂದು ಆಟಕ್ಕೆ ಕೈ ಹಾಕುವುದಿಲ್ಲವೆಂದು ಅವಳು ತೀರ್ಮಾನಿಸಿದ್ದಳು.

ಒಂದು ದೊಡ್ಡ ಅಂಗಡಿ ಇತ್ತು. ಅಲ್ಲಿ ಹೊಸ ಆಟಕ್ಕೆ ಮೊದಲ ಪುಟದಲ್ಲಿ ಒಂದು ದಿನದ ಜಾಗ. ಬಂದವರು ಕೊನೆಯವರೆಗೂ ಆಡಿದರೆ ಆಟ ಅಲ್ಲೇ ಉಳಿಯುತ್ತದೆ, ಅರ್ಧಕ್ಕೆ ಬಿಟ್ಟುಹೋದರೆ ಮರುದಿನ ಸಾವಿರಾರು ಆಟಗಳ ಅಡಿಗೆ ಸೇರುತ್ತದೆ. ಅವಳ ಆಟಕ್ಕೆ ಅಲ್ಲಿ ದಿನ ಗೊತ್ತಾಗಿತ್ತು. ಅದಕ್ಕೆ ಇನ್ನೂ ಒಂದು ತಿಂಗಳಿತ್ತು.

ಒಂದು ಸಣ್ಣ ಅಂಗಡಿಯೂ ಇತ್ತು. ಅದನ್ನು ನಡೆಸುವವನಿಗೆ ಒಂದು ಹಟ. ಯಾವ ಆಟವನ್ನೂ ತಾನು ಆಡಿ ಮುಗಿಸದೆ ಅಂಗಡಿಯಲ್ಲಿ ಇಡುತ್ತಿರಲಿಲ್ಲ. ಆಟದ ನಡುವೆ ಸಿಕ್ಕಿಕೊಂಡರೂ ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ತಿಂಗಳಿಗೆ ಎರಡು ಆಟ ಇಟ್ಟರೆ ಅದೇ ಹೆಚ್ಚು. ಇದೇನು ವ್ಯಾಪಾರವೆಂದು ಜನ ನಗುತ್ತಿದ್ದರು. ಹಾಗೆ ನಗುತ್ತಿದ್ದವರೂ ಅವನು ಇಟ್ಟ ಆಟವನ್ನು ಬಿಡದೆ ಕೊಳ್ಳುತ್ತಿದ್ದರು.

ಅವಳು ಅವನಿಗೂ ತನ್ನ ಆಟ ಕಳಿಸಿದಳು. ಒಂಬತ್ತನೆಯ ದಿನ ಒಂದು ಸಾಲು ಬಂತು: 'ಮೂರನೇ ಹಂತದ ತೂಬಿನ ಮುಂದೆ ಬಾತು ನಿಂತಿದೆ. ಬಾಗಿಲು ತೆರೆಯುತ್ತಿಲ್ಲ.'

ಅವಳಿಗೆ ಮೈ ಉರಿಯಿತು. ಐದು ವರ್ಷದ ಕೆಲಸಕ್ಕೆ ಇಂಥ ಒಂದು ಸಾಲು ಬಂದರೆ ಯಾರಿಗೆ ಉರಿಯುವುದಿಲ್ಲ? ಉರಿಯದವನು ಏನನ್ನೂ ಕಟ್ಟಿಲ್ಲವೆಂದು ತಿಳಿ. ಅವಳು ಬಸ್ಸು ಹತ್ತಿ ನೇರ ಅವನ ಮನೆಗೇ ಹೋದಳು.

"ನನ್ನ ಇಪ್ಪತ್ತು ಜನ ಸ್ನೇಹಿತರು ಇದನ್ನ ಆಡಿ ಮುಗಿಸಿದಾರೆ. ಒಬ್ಬರೂ ಅಲ್ಲಿ ನಿಂತಿಲ್ಲ. ನಿಮಗೆ ಆಡೋಕೆ ಬರಲ್ಲ, ಅಷ್ಟೆ," ಎಂದಳು.

"ಇರಬಹುದಮ್ಮ. ಹಿಂದೆ ಕೂತು ನೋಡಿ. ಬಾಯಿ ಮಾತ್ರ ಬಿಡಬೇಡಿ," ಎಂದ ಅಂಗಡಿಯವ.

ಅವನು ಆಡತೊಡಗಿದ. ಬಾತು ನೀರು ಹರಿಯಬಿಡುವ ಆ ತೂಬಿನ ಬಾಗಿಲನ್ನು ಕೊಕ್ಕಿನಿಂದ ನೂಕಿತು. ಮುಳುಗಿ ನೋಡಿತು. ಕಲ್ಲುಗಳನ್ನು ಸುತ್ತಿ ಬಂತು. ಬಾತು ಮೂರು ಸಲ ಕೂಗಿದರೆ ಆ ಬಾಗಿಲು ತೆರೆಯುವಂತೆ ಅವಳು ಮಾಡಿದ್ದಳು. 'ಕೂಗಿಸಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಮತ್ತೆ ಬಂತು. ಕೊನೆಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಹಾಗೆ ಮುಚ್ಚಿಕೊಂಡಾಗಲೇ ಅವಳಿಗೆ ನೆನಪಾಯಿತು. ಇಪ್ಪತ್ತು ಸ್ನೇಹಿತರು ಆಡುವಾಗಲೂ ಅವಳು ಪಕ್ಕದಲ್ಲೇ ಕೂತಿದ್ದಳು. ಇಪ್ಪತ್ತು ಸಲವೂ ಇದೇ ಜಾಗದಲ್ಲಿ 'ಕೂಗಿಸು' ಎಂದಿದ್ದಳು. ಆಟದೊಳಗೆ ಆ ಮಾತು ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಹಿಂದೆಯೇ ಸಂತೋಷವೂ ಆಯಿತು, ಏಕೆಂದರೆ ದೊಡ್ಡ ಅಂಗಡಿಯ ದಿನ ಇನ್ನೂ ಬಂದಿರಲಿಲ್ಲ.

ಊರಿಗೆ ಮರಳಿ ಅವಳು ತೂಬಿನ ಆಚೆ ಇನ್ನೊಂದು ಬಾತನ್ನು ಇಟ್ಟಳು. ಅದು ಕಣ್ಣಿಗೆ ಕಾಣುವುದಿಲ್ಲ. ಮೂರು ಸಲ ಕೂಗಿ ಸುಮ್ಮನಾಗುತ್ತದೆ, ಕಾಯುತ್ತದೆ, ಮತ್ತೆ ಕೂಗುತ್ತದೆ.

ಅಂಗಡಿಯವ ಮತ್ತೆ ಆಡಿದ. ಈ ಸಲ ಹಿಂದೆ ಯಾರೂ ಕೂತಿರಲಿಲ್ಲ. ಆಚೆಯ ಬಾತು ಕೂಗಿತು. ಅವನ ಬೆರಳು ತಾನಾಗಿ ಹೋಗಿ ಈಚೆಯ ಬಾತನ್ನು ಕೂಗಿಸಿತು. ಬಾಗಿಲು ತೆರೆಯಿತು. ಸಂಜೆಯ ಹೊತ್ತಿಗೆ ಆಟ ಅವನ ಅಂಗಡಿಯಲ್ಲಿತ್ತು. ಅದರ ಕೆಳಗೆ ಅವನು ಬರೆದಿದ್ದು ಇಷ್ಟೇ: 'ಬಾತು ಕೆರೆ ಮುಟ್ಟಿದೆ. ನೀವೂ ಹೋಗಿ ಬನ್ನಿ.'

ಅವನ ಗಿರಾಕಿಗಳು ಹೋಗಿ ಬಂದರು. ದೊಡ್ಡ ಅಂಗಡಿಯಲ್ಲಿ ಅವಳ ದಿನ ಬಂದಾಗ ಅವರೇ ತಮ್ಮ ತಮ್ಮವರನ್ನು ಕರೆತಂದರು. ಬಂದವರು ಕೆರೆ ಮುಟ್ಟುವ ತನಕ ಏಳಲಿಲ್ಲ. ಕನ್ನಡದ ಒಂದಕ್ಷರ ಬಾರದ ದೇಶಗಳಲ್ಲೂ ಜನ ತೂಬಿನ ಮುಂದೆ ನಿಂತು ಕೂಗಿಗೆ ಕೂಗು ಕೊಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಬಾತು ಮೊದಲ ಪುಟದಲ್ಲೇ ಇತ್ತು. ವಾರ ಕಳೆಯಿತು, ತಿಂಗಳು ಕಳೆಯಿತು, ಅಲ್ಲೇ ಇತ್ತು. ಅವಳು ಗೆದ್ದಳು, ಪೂರ್ತಿ ಗೆದ್ದಳು. ಎರಡನೆಯ ಆಟಕ್ಕೆ ಆಗಲೇ ಕೈ ಹಾಕಿಯೂ ಇದ್ದಳು.

ಗುರುಗಳು ಕತೆ ಮುಗಿಸಿದರು. ಅಮರಯ್ಯನ ಮುಖ ಅರಳಿತು. "ಸಿಕ್ಕಿತು ಗುರುಗಳೇ. ಆ ಸಣ್ಣ ಅಂಗಡಿಯ ವಿಳಾಸ ಕೊಡಿ, ಇವತ್ತೇ ಕಳಿಸುತ್ತೇನೆ," ಎಂದ.

ಗುರುಗಳು ನಕ್ಕರು. "ಕೊಡೋಣ. ಅದಕ್ಕೆ ಮೊದಲು, ನೀನು ಪಕ್ಕದಲ್ಲಿ ಕೂರದೆ ನಿನ್ನ ಆಟ ಮುಗಿಸಿದ ಒಬ್ಬರ ಹೆಸರು ಹೇಳು."

ಅಮರಯ್ಯ ಒಬ್ಬೊಬ್ಬರನ್ನೇ ನೆನೆದು ಬೆರಳು ಮಡಚತೊಡಗಿದ. ಆಡಿದ ಎಲ್ಲರ ಪಕ್ಕದಲ್ಲೂ ಅವನೇ ಕೂತಿದ್ದ.